ಅಲುಗದ ಒಳಕಲ್ಲು

ನಮ್ಮೂರಿಗೆ ಬರುವವರು ಮೈಲಿಗಲ್ಲು ನೋಡಿಕೊಂಡು ಬರಬಾರದು. ಇವತ್ತು ಹುಣಸೆಮರದ ಕೆಳಗೆ ಇದ್ದದ್ದು ಮುಂದಿನ ಅಮಾವಾಸ್ಯೆಗೆ ಹಳ್ಳದ ಆಚೆ ಇರುತ್ತದೆ. ಯಾವ ಕಲ್ಲು ಎಲ್ಲಿ ಹುಟ್ಟಿತೋ ಅಲ್ಲಿಗೆ ಹೊರಟು ನಿಲ್ಲುವ ಊರು ಇದು. ಹಾಗಂತ ಯಾವುದೂ ಓಡುವುದಿಲ್ಲ. ಸಂಜೆ ಹಿತ್ತಲಲ್ಲಿ ಬಿಟ್ಟ ಒಗೆಯುವ ಕಲ್ಲು ಬೆಳಿಗ್ಗೆ ಗೋಡೆಗೆ ಮೂತಿ ಹಚ್ಚಿಕೊಂಡು ನಿಂತಿರುತ್ತದೆ, ಅಷ್ಟೇ. ಹೆಂಗಸರು ಎದ್ದು ರಾತ್ರಿ ಸರಿದುಹೋದ ಹೊಸ್ತಿಲಿಗೆ ಕೈಮುಗಿದು, ಆಮೇಲೆ ಅದನ್ನೇ ಹಾರೆಯಿಂದ ಮೀಟಿ ಬಾಗಿಲಿಗೆ ತಂದು ರಂಗೋಲಿ ಹಾಕುತ್ತಾರೆ. ಗುಡಿಯ ಹನುಮಪ್ಪನೂ ಹೊರಗಿನ ಕಲ್ಲಿನವನೇ. ಪೂಜಾರಿ ಅವನ ಸೊಂಟಕ್ಕೆ ಸರಪಳಿ ಬಿಗಿದು ಮೇಲೆ ಎಕ್ಕೆಯ ಹಾರ ಹಾಕಿ ಮುಚ್ಚಿರುತ್ತಾನೆ. ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ನಮ್ಮ ಗುಡ್ಡದ ಹಳದಿ ಕಲ್ಲು ಮಾತ್ರ ಅಲುಗುವುದಿಲ್ಲ. ಅದಕ್ಕೆ ಊರಕಲ್ಲು ಅನ್ನುತ್ತೇವೆ. ಅದರಲ್ಲಿ ಮನೆ ಕಟ್ಟಿಕೊಂಡವರು ಪುಣ್ಯವಂತರು, ನೆಮ್ಮದಿಯಿಂದ ಮಲಗುತ್ತಾರೆ. ಆದರೆ ಆ ಗಣಿ ಬರಿದಾಗಿ ಯಾವ ಕಾಲವಾಯಿತೋ. ಈಗ ಎಲ್ಲರೂ ಹೊರಗಿನ ಕಲ್ಲು ತರುತ್ತಾರೆ, ಕಬ್ಬಿಣದ ಸಲಾಕೆ ಹೊಡೆದು ಕೂರಿಸುತ್ತಾರೆ, ಒಂದೆರಡು ಮಳೆಗಾಲದಲ್ಲಿ ಗೋಡೆ ವಾಲಿದಾಗ ಹಣೆ ಬಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

ನನ್ನ ಹೆಸರು ಬಸಲಿಂಗಮ್ಮ. ಊರಿನವರಿಗೆ ನಾನು ತಕ್ಕಡಿ ಬಾಯಾರು, ತೂಗುವ ಅಮ್ಮ. ಪುರಸಭೆಯ ಕಲ್ಲು ಪರೀಕ್ಷೆಯ ಕೋಣೆಯಲ್ಲಿ ಕೂತು, ತಂದ ಕಲ್ಲು ಯಾವ ದಿಕ್ಕಿನದು, ಯಾವ ಬಂಡೆಯ ಮಗು ಅಂತ ಹೇಳುವುದು ನನ್ನ ಕೆಲಸ. ಬದುವಿನ ಕಲ್ಲು ಪಕ್ಕದ ಹೊಲಕ್ಕೆ ಸರಿದರೆ ಅದು ತಾನಾಗಿ ಸರಿಯಿತೋ ತಮ್ಮ ಎತ್ತಿಟ್ಟನೋ ಅಂತ ಅಣ್ಣ ಬರುತ್ತಾನೆ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ. ತಾನಾಗಿ ಸರಿಯಿತು ಅಂದರೆ ಅಣ್ಣನಿಗೆ ಸಿಟ್ಟು, ತಮ್ಮ ಎತ್ತಿಟ್ಟ ಅಂದರೆ ತಮ್ಮನಿಗೆ ಸಿಟ್ಟು. ಬೈಗುಳ ತಿಂದೂ ತಿಂದೂ ನನ್ನ ಕಿವಿ ಜಡ್ಡುಗಟ್ಟಿದೆ. ಮಂಡಿ ನೋವು ಬೇರೆ. ಈ ಕೆಲಸ ಬಿಟ್ಟರೆ ಮಾಡುವವರು ಯಾರೂ ಇಲ್ಲ ಅನ್ನುವುದೊಂದೇ ನನ್ನನ್ನು ಅಲ್ಲಿ ಕೂರಿಸಿತ್ತು.

ಹೇಗೆ ಗೊತ್ತಾಗುತ್ತದೆ ಅಂತ ಬಂದವರೆಲ್ಲ ಕೇಳುತ್ತಾರೆ. ನಾನೂ ಹೇಳಿದ್ದನ್ನೇ ಹೇಳುತ್ತೇನೆ. ಆಮ್ಲಜನಕ ಅಂದರೆ ಎಲ್ಲ ಒಂದೇ ಅಲ್ಲ. ಅದರಲ್ಲಿ ಹಗುರದ್ದೂ ಇದೆ, ತುಸು ಭಾರದ್ದೂ ಇದೆ. ಗುಣ ಒಂದೇ, ತೂಕ ಬೇರೆ. ಪುಸ್ತಕದಲ್ಲಿ ಐಸೋಟೋಪು ಅಂತಾರೆ, ನಾವು ಭಾರ-ಹಗುರ ಅಂತೀವಿ. ಇವು ಕೊಳೆಯುವುದಿಲ್ಲ, ಕರಗಿ ಹೋಗುವುದಿಲ್ಲ, ಎಷ್ಟು ಕಾಲವಾದರೂ ಹಾಗೇ ಇರುತ್ತವೆ. ಸಮುದ್ರದ ನೀರಿನಲ್ಲಿ ಭಾರದ್ದು ಹೆಚ್ಚು. ಮೋಡ ಸಮುದ್ರ ಬಿಟ್ಟು ಗುಡ್ಡ ಹತ್ತುವಾಗ ಮೊದಲು ಭಾರದ್ದನ್ನು ಇಳಿಸುತ್ತದೆ, ಬಸುರಿ ಹೆಂಗಸು ಏರು ಹತ್ತುವಾಗ ತಲೆಯ ಹೊರೆ ಇಳಿಸಿದ ಹಾಗೆ. ಆದ್ದರಿಂದ ಎತ್ತರದ ಗುಡ್ಡದ ಮಳೆನೀರಿನಲ್ಲಿ ಹಗುರದ್ದೇ ಹೆಚ್ಚು. ಸುಣ್ಣಕಲ್ಲು ಯಾವ ನೀರಿನಲ್ಲಿ ಹುಟ್ಟಿತೋ ಆ ನೀರಿನ ಪಾಲನ್ನು ಮೈಯಲ್ಲಿ ಇಟ್ಟುಕೊಂಡಿರುತ್ತದೆ. ಇಂಗಾಲದ ಲೆಕ್ಕವೂ ಹೀಗೆಯೇ. ಕಲ್ಲಿನ ಪುಡಿಗೆ ಆಮ್ಲ ಬಿಟ್ಟರೆ ಗಾಳಿ ಏಳುತ್ತದೆ, ಆ ಗಾಳಿಯನ್ನು ಯಂತ್ರ ತೂಗುತ್ತದೆ. ಆಮೇಲೆ ಕಪಾಟಿನಲ್ಲಿರುವ ಊರೂರಿನ ತುಣುಕುಗಳ ತೂಕದ ಜೊತೆ ತಾಳೆ ನೋಡುವುದು. ಆ ತುಣುಕುಗಳನ್ನು ತಂತಿಯ ಬಲೆಯಲ್ಲಿ ಹಾಕಿಟ್ಟಿದ್ದೇವೆ. ಒಂದೊಂದೂ ತನ್ನ ಊರಿನ ದಿಕ್ಕಿನ ತಂತಿಗೆ ಒತ್ತಿಕೊಂಡು ಕೂತಿರುತ್ತದೆ.

ಪುರಸಭೆಯ ನಿಯಮ ಒಂದಿದೆ. ಕಲ್ಲನ್ನು ಹಲವು ಕಡೆ ಕೊರೆದು, ಪುಡಿಯನ್ನೆಲ್ಲ ಕಲಸಿ, ಆ ಕಲಸಿದ್ದನ್ನೇ ತೂಗಬೇಕು. ಇಲ್ಲದಿದ್ದರೆ ಬಾಯಾರು ತಮಗೆ ಬೇಕಾದ ಕಡೆ ಕೊರೆದರು ಅಂತ ಗಲಾಟೆ. ಒಮ್ಮೆ ಹಾಗೆ ಗಲಾಟೆಯಾಗಿ ಕಿಟಕಿಯ ಗಾಜು ಒಡೆದಿದ್ದರು. ಆಮೇಲೆ ಬಂದ ನಿಯಮ ಇದು.

ಇನ್ನು ಒಳಕಲ್ಲಿನ ಪದ್ಧತಿ. ನಮ್ಮಲ್ಲಿ ಮದುವೆಯಾಗಿ ಬರುವ ಹುಡುಗಿ ತವರಿನಿಂದ ಚಟ್ನಿ ಕುಟ್ಟುವ ಒಂದು ಸಣ್ಣ ಒಳಕಲ್ಲು ತರಬೇಕು. ಬಂದ ಮರುದಿನದಿಂದಲೇ ಅದು ತವರಿನ ಕಡೆಗೆ ತೆವಳಲು ಶುರು ಮಾಡುತ್ತದೆ. ಗಂಡನಾದವನು ಬೆಳಿಗ್ಗೆ ಎದ್ದು ಅದನ್ನು ಎತ್ತಿ ಒಲೆಯ ಪಕ್ಕಕ್ಕೆ ತಂದಿಡಬೇಕು. ನೀರಿಗೆ ಹೋದಾಗ ಹೆಂಗಸರು ‘ಏನವಾ, ಇವತ್ತ ನಿನ್ನ ಕಲ್ಲು ಎಲ್ಲೀತನಕ ಹೋಗಿತ್ತ?’ ಅಂತ ಹೊಸಬಳನ್ನು ಕಾಡುತ್ತಾರೆ. ಜೋರಾಗಿ ಹೋಗುವ ಕಲ್ಲಿನವಳಿಗೆ ತವರಿನಲ್ಲಿ ಅಕ್ಕರೆ ಹೆಚ್ಚು ಅಂತ ಲೆಕ್ಕ. ಯಾವನಾದರೂ ಬೆಳಿಗ್ಗೆ ಕಲ್ಲು ಎತ್ತಿ ತರಲಿಲ್ಲವೆಂದರೆ ಆ ಮನೆಯಲ್ಲಿ ಜಗಳವಾಗಿದೆ ಅಂತ ಓಣಿಗೆಲ್ಲ ಸುದ್ದಿ. ತವರೇ ಇಲ್ಲದ ಹುಡುಗಿಯನ್ನು ತಂದುಕೊಂಡರೆ ಮನೆಯ ಗೋಡೆ ನಿಲ್ಲುವುದಿಲ್ಲ ಅನ್ನುವ ನಂಬಿಕೆ ಬೇರೆ. ನಂಬಿಕೆಯಲ್ಲಿ ಹುರುಳಿಲ್ಲ ಅಂತ ನಾನು ಹೇಳಿದರೆ ಯಾರು ಕೇಳುತ್ತಾರೆ? ಕೋಣನ ಮುಂದೆ ಕಿನ್ನರಿ.

ಮೆಣಸಿನಕಾಯಿ ವ್ಯಾಪಾರದ ಶಿವಗಂಗವ್ವ ಬಂದದ್ದು ಅಂಥ ಒಂದು ಒಳಕಲ್ಲು ಹೊರಿಸಿಕೊಂಡು. ಹೊತ್ತವನು ಅವಳ ಮಗ ಯಮನೂರಪ್ಪ. ಆಳು ಎತ್ತಿನ ಹಾಗಿದ್ದಾನೆ, ಬಾಯಿ ಮಾತ್ರ ಇಲ್ಲ. ಕಲ್ಲನ್ನು ಮೇಜಿನ ಮೇಲೆ ಇಳಿಸಿ ಬೆವರು ಒರೆಸಿಕೊಂಡು ಗೋಡೆಯ ಪಕ್ಕ ನಿಂತ. ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಸೊಸೆ, ನಿಂಬೆವ್ವ. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ.

“ಬಾಯಾರ, ಈ ಕಲ್ಲು ಯಾವ ಊರಿಂದು ಹೇಳ್ರಿ,” ಅಂದಳು ಶಿವಗಂಗವ್ವ. “ಹೇಳಿದ ಮ್ಯಾಲ ಮುಂದಿಂದು ನಾವು ನೋಡ್ಕೋತೀವಿ.”

“ಮುಂದಿಂದು ಅಂದ್ರ ಏನ್ರಿ ಅಕ್ಕಾರ?”

“ಏನಂದ್ರ? ಹೊರಗಿನ ಕಲ್ಲು ಅಂತ ಬಂತು, ಈಕಿ ನನ್ನ ಸೊಸಿ. ಊರಕಲ್ಲು ಅಂತ ಬಂತು, ಇಲ್ಲಿಂದ ಹಿಂಗ ತನ್ನ ದಾರಿ ತಾ ಹಿಡೀಲಿ. ತವರು ಐತಿ, ತವರಿನ ಕಲ್ಲು ಐತಿ ಅಂತ ಹೇಳಿ ನನ್ನ ಮಗನ ಕೊರಳಿಗೆ ಬಿದ್ದಾಳ. ಬಂದಾಗಿಂದ ಈ ಕಲ್ಲು ಒಂದ ಕೂದಲೆಳಿ ಅಲುಗಿಲ್ಲ. ನಮ್ಮ ಸಂತ್ಯಾಗ ಹಳೇದು ಕೊಂಡು ತಂದಿದ್ದು ಇದು, ನಾ ಬರದು ಕೊಡ್ತೀನಿ ಬೇಕಾದ್ರ.”

ನಿಂಬೆವ್ವ ಕರಿಹಳ್ಳದವಳಂತೆ. ಕರಿಹಳ್ಳ ಅಂದರೆ ಗೊತ್ತಲ್ಲ, ಮೂಡಣ ಹೊಳೆಗೆ ಕಟ್ಟೆ ಕಟ್ಟಿದ ಮೇಲೆ ನೀರಿನ ತಳಕ್ಕೆ ಹೋದ ಊರು. ಜನ ದಿಕ್ಕಿಗೊಬ್ಬರಾದರು. ಇವಳೂ ತಾಯಿಯೂ ಇಬ್ಬರೇ ಎಲ್ಲಿಯೋ ತಗಡಿನ ಶೆಡ್ಡಿನಲ್ಲಿದ್ದರು. ತಾಯಿ ಅಲ್ಲಿ ಹೆಚ್ಚು ದಿನ ಬಾಳಲಿಲ್ಲ. ಆಮೇಲೆ ಈ ಹುಡುಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಊರೂರು ತಿರುಗುವಾಗ ಯಮನೂರಪ್ಪ ಕಂಡಿದ್ದ, ಹಟ ಹಿಡಿದು ಕಟ್ಟಿಕೊಂಡಿದ್ದ. ಹೋಗಿ ವಿಚಾರಿಸೋಣವೆಂದರೆ ಊರಿಲ್ಲ, ಕೇಳೋಣವೆಂದರೆ ಬಂಧುಗಳಿಲ್ಲ. ಅವಳ ಮಾತಿಗೆ ಸಾಕ್ಷಿ ಅಂತ ಉಳಿದದ್ದು ಈ ಕಲ್ಲೊಂದೇ, ಅದೂ ಸಾಕ್ಷಿ ಹೇಳದೆ ಮೊಂಡು ಹಿಡಿದು ಕೂತಿತ್ತು.

“ಅಷ್ಟ ಆಗಿದ್ರ ಸುಮ್ಕಿರ್ತಿದ್ನೇನೋ,” ಶಿವಗಂಗವ್ವ ಮಗನ ಕಡೆ ತಿರುಗಿದಳು. “ಈ ಶಾಣ್ಯಾ ಏನು ಮಾಡ್ಯಾನ ಕೇಳ್ರಿ. ನಾ ನೀರಿಗೆ ಹೋದಾಗ ಕಲ್ಲು ತಾನ ನೂಕಿ ಇಡಾಂವ. ನಾ ಬಂದು ನೋಡಿ ‘ಅಯ್ಯ, ಕಲ್ಲು ನಡದೈತಿ’ ಅಂತ ಖುಷಿ ಪಡ್ಲಿ ಅಂತ. ನಾನೂ ಖುಷಿ ಪಟ್ಟೀನ್ರಿ! ಓಣಿಗೆಲ್ಲ ಸಕ್ಕರಿ ಹಂಚಾಕ ಹೋಗಿದ್ದೆ. ಆಮ್ಯಾಲ ನೋಡತೀನಿ, ಕಲ್ಲು ಉತ್ತರಕ್ಕ ನಡದೈತಿ. ಕರಿಹಳ್ಳ ಇರೂದು ಮೂಡಲಕ್ಕ! ಸುಳ್ಳು ಮಾಡಾಕೂ ಒಂದಿಷ್ಟು ದಿಕ್ಕು ಗೊತ್ತಿರಬೇಕಲ್ರಿ.”

ನನಗೆ ನಗು ಬಂತು. ಯಮನೂರಪ್ಪ ತಲೆ ತಗ್ಗಿಸಿದ. ಸೆರಗಿನ ಒಳಗೆ ನಿಂಬೆವ್ವಳ ತುಟಿಯೂ ಒಂಚೂರು ಅರಳಿ, ಅತ್ತೆ ನೋಡುವಷ್ಟರಲ್ಲಿ ಮುಚ್ಚಿಕೊಂಡಿತು. ಆ ಹುಡುಗಿಗೆ ಗಂಡನ ಮೇಲೆ ಜೀವ ಅಂತ ನನಗೆ ಆಗಲೇ ತಿಳಿಯಿತು, ತಿಳಿಯದಿದ್ದರೆ ಚೆನ್ನಾಗಿತ್ತು ಅಂತಲೂ ಅನಿಸಿತು. ಈ ಕೆಲಸದಲ್ಲಿ ತಂದವರ ಮುಖ ನೋಡಬಾರದು, ಕಲ್ಲಿನ ಮುಖ ಅಷ್ಟೇ ನೋಡಬೇಕು.

ನಿಯಮದ ಪ್ರಕಾರ ಕೊರೆದೆ, ಕಲಸಿದೆ, ಶೀಶೆಗೆ ಹಾಕಿ ಆಮ್ಲ ಬಿಟ್ಟೆ. ಯಂತ್ರ ಗುಂಯ್ ಅನ್ನುತ್ತಿತ್ತು. ಅದು ತೂಗಿ ಮುಗಿಸುವ ತನಕ ಕಾಯಬೇಕು. ಶಿವಗಂಗವ್ವ ಎಲೆ ಅಡಿಕೆ ತೆಗೆದಳು. ನಿಂಬೆವ್ವ ಕಲ್ಲಿನ ಹತ್ತಿರವೇ ನಿಂತು, ನಾನು ಕೊರೆದ ಸಣ್ಣ ಸಣ್ಣ ತೂತುಗಳ ಮೇಲೆ ಬೆರಳು ಆಡಿಸುತ್ತಿದ್ದಳು, ಮಗುವಿಗೆ ಸೂಜಿ ಚುಚ್ಚಿಸಿ ಬಂದವರ ಹಾಗೆ.

“ನಿಮ್ಮವ್ವಂದಾ ಇದು?” ಅಂತ ಕೇಳಿದೆ. ಕೇಳಬಾರದಿತ್ತು.

“ಹೌದ್ರಿ ಬಾಯಾರ. ನೀರು ಊರಾಗ ಬಂದಾಗ ಎಲ್ಲಾರೂ ಕೊಡಪಾನ, ಪೆಟ್ಟಿಗಿ ಹೊತ್ತರು. ನಮ್ಮವ್ವ ಇದನ್ನ ಹೊತ್ಲು. ಮಂದಿ ನಕ್ಕರು. ‘ಇವು ಎಲ್ಲಾ ಎಲ್ಲಿ ಬೇಕಾದ್ರೂ ಸಿಗತಾವ, ನೀ ಕೊಟ್ಟ ಮನಿಗೆ ಹೋಗುವಾಗ ಕಲ್ಲು ಎಲ್ಲಿಂದ ತರ್ಲಿ?’ ಅಂದ್ಲು. ನಾ ಆಗ ಇಷ್ಟ ಇದ್ದೆ,” ಅಂತ ಮೇಜಿನ ಎತ್ತರಕ್ಕೆ ಕೈ ಹಿಡಿದು ತೋರಿಸಿದಳು.

ಯಂತ್ರ ನಿಂತಿತು. ತಾಳೆ ನೋಡಿದೆ. ಮತ್ತೊಮ್ಮೆ ನೋಡಿದೆ. ನಮ್ಮ ಗುಡ್ಡದ ಹಳದಿ ಕಲ್ಲಿನ ತೂಕಕ್ಕೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

“ಊರಕಲ್ಲು,” ಅಂದೆ.

ಶಿವಗಂಗವ್ವ ಎದ್ದು ನಿಂತಳು. ಗೆದ್ದೆ ಅಂತ ಹಿಗ್ಗಲಿಲ್ಲ, ಅದನ್ನು ಹೇಳಬೇಕು. ಮುಖ ಸಣ್ಣದಾಯಿತು. “ನಾ ಏನು ಮಾಡ್ಲಿ ಯವ್ವಾ,” ಅಂದಳು ಸೊಸೆಗೆ. “ನೀನ ಖರೇ ಹೇಳಿದ್ರ ನಾ ಹೆಂಗೋ ನುಂಗಿಕೋತಿದ್ನೇನೋ. ಸುಳ್ಳು ಹೇಳಿದಿ. ಹೋಗಿಬಿಡು ಇನ್ನ.”

“ಎಲ್ಲಿಗ್ರಿ ಅತ್ತಿ?” ಅಂದಳು ನಿಂಬೆವ್ವ. ಜಗಳದ ದನಿಯಲ್ಲ, ದಾರಿ ಕೇಳಿದ ಹಾಗೆ. ಆಮೇಲೆ ನನ್ನ ಕಡೆ ತಿರುಗಿದಳು. “ಬಾಯಾರ, ಇನ್ನೊಮ್ಮಿ ತೂಗ್ರಿ. ನಿಮ್ಮ ಕಾಲು ಬೀಳ್ತೀನಿ. ಇದನ್ನ ಹೊತ್ತು ನಮ್ಮವ್ವ ಎದಿಮಟ ನೀರಾಗ ನಡಕೋತ ಬಂದದ್ದು ನಾ ನೋಡೀನ್ರಿ. ನೋಡಿದ್ದು ಸುಳ್ಳಾಗ್ತೈತೇನ್ರಿ?”

ನನಗೆ ಹಸಿವಾಗಿತ್ತು. ಹೊರಗೆ ಇನ್ನೂ ಇಬ್ಬರು ಬದುವಿನ ಕಲ್ಲು ಹಿಡಿದು ಕೂತಿದ್ದರು. ಯಂತ್ರ ಹೇಳಿಯಾಗಿದೆ, ನಿಯಮ ಮುಗಿದಿದೆ, ಹೋಗಿ ಅಂದರೆ ಯಾರೂ ನನ್ನನ್ನು ಕೇಳುವಂತಿರಲಿಲ್ಲ. ಆದರೆ ‘ಎಲ್ಲಿಗ್ರಿ ಅತ್ತಿ’ ಅನ್ನುವ ಆ ಮಾತು ಕಿವಿಯಿಂದ ಇಳಿಯಲೊಲ್ಲದು. ಹಾಳಾಗಿ ಹೋಗಲಿ, ತೊಳೆದು ಇನ್ನೊಮ್ಮೆ ಕೊರೆಯೋಣ ಅಂತ ಎದ್ದು ಒಂದು ತಂಬಿಗೆ ನೀರು ತಂದು ಕಲ್ಲಿನ ಮೇಲೆ ಹುಯ್ದೆ. ವರ್ಷಗಟ್ಟಲೆ ಎಣ್ಣೆ, ಅರಿಸಿನ, ಮಸಾಲೆ ಕುಡಿದ ಕಲ್ಲು, ಕೊರೆದ ಪುಡಿಗೂ ಅದರದೇ ಬಣ್ಣ ಹತ್ತಿತ್ತು. ತಿಕ್ಕಿ ತೊಳೆಯುವಷ್ಟರಲ್ಲಿ ನನ್ನ ರಟ್ಟೆ ಸೋತಿತು. ಮಸಿ ಬಿಟ್ಟ ಮೇಲೆ ಕಂಡಿತು. ಕಪ್ಪು ಮೈ, ಒಂದು ಮಗ್ಗುಲಲ್ಲಿ ಬುಡದಿಂದ ಬಾಯಿಯ ತನಕ ಅಂಗೈ ಅಗಲದ ಬಿಳಿ ಪಟ್ಟಿ. ಹರಳು ಹರಳಾಗಿ ಹೊಳೆಯುತ್ತಿತ್ತು.

ಕರಿಯದನ್ನೂ ಬಿಳಿಯದನ್ನೂ ಕಲಸಿ ತೂಗಿದ್ದೆವಲ್ಲ, ನಿಯಮ ಮಾಡಿದವರಿಗೆ ಒಂದು ಕಲ್ಲಿಗೆ ಎರಡು ತವರು ಇರಬಹುದು ಅಂತ ಹೊಳೆದಿರಲಿಲ್ಲ. ನನಗೂ ಅಷ್ಟು ವರ್ಷ ಅದು ಬೇಕಾಗಿರಲಿಲ್ಲ. ನಿಯಮ ಒಲೆಗೆ ಹಾಕಿ ಕರಿಯದನ್ನೇ ಬೇರೆ ಕೊರೆದೆ, ಬಿಳಿಯದನ್ನೇ ಬೇರೆ ಕೊರೆದೆ. ಬದುವಿನ ಕಲ್ಲಿನವರಿಗೆ ನಾಳೆ ಬನ್ನಿ ಅಂದೆ. ಅವರು ನನ್ನ ವಂಶವನ್ನೆಲ್ಲ ಬೈದುಕೊಂಡು ಹೋದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎರಡೂ ಬಂದವು. ಕರಿಯದು ಕಪಾಟಿನಲ್ಲಿದ್ದ ಕರಿಹಳ್ಳದ ತುಣುಕಿನ ಜೊತೆ ತಾಳೆಯಾಯಿತು. ಭಾರದ್ದು ಹೆಚ್ಚಿರುವ ಹಳೆಯ ಸಮುದ್ರದ ಕಲ್ಲು. ಆ ತುಣುಕನ್ನು ಊರು ಮುಳುಗುವ ಮೊದಲೇ ಯಾರೋ ಪುಣ್ಯಾತ್ಮರು ತಂದಿಟ್ಟಿದ್ದರು. ಬಿಳಿಯದು ಪೂರ್ತಿ ಹಗುರ, ಪಡುವಣ ಎತ್ತರದ ಗುಡ್ಡಗಳ ಮಳೆನೀರು. ಎರಡನ್ನೂ ಕಲಸಿದರೆ ನಟ್ಟನಡುವೆ ನಮ್ಮ ಊರಕಲ್ಲಿನ ತೂಕಕ್ಕೆ ಬಂದು ಕೂರುತ್ತಿತ್ತು. ಎಂಥ ಅನ್ಯಾಯ ನೋಡಿ.

“ಈಕಿ ಸುಳ್ಳು ಹೇಳಿಲ್ರಿ ಅಕ್ಕಾರ,” ಅಂದೆ. “ಕಲ್ಲಿನ ಮೈ ಕರಿಹಳ್ಳದ್ದು. ಯಾವಾಗೋ ಆ ಬಂಡಿ ಸೀಳು ಬಿಟ್ಟೈತಿ. ಪಡುವಲ ಗುಡ್ಡದ ನೀರು ನೆಲದ ತಳದಾಗ ಹರಕೋತ ಬಂದು ಆ ಸೀಳಿನಾಗ ಇಳದು, ಹರಳುಗಟ್ಟಿ ಈ ಬಿಳಿ ಪಟ್ಟಿ ಆಗೈತಿ. ಈಗ ಕರೀದು ಮೂಡಲಕ್ಕ ಎಳೀತೈತಿ, ಬಿಳೀದು ತನ್ನ ನೀರಿನ ಊರಿಗೆ, ಪಡುವಲಕ್ಕ ಎಳೀತೈತಿ. ಎತ್ತು ಏರಿಗೆಳದ್ರ ಕೋಣ ನೀರಿಗೆಳೀತಂತ. ಅದಕ್ಕ ಅಲುಗಿಲ್ಲ. ನಿಂತೈತಿ ಅಂದ್ರ ಇಲ್ಲೀದು ಅಂತ ಅಲ್ಲ, ಹೋಗಾಕ ಆಗಿಲ್ಲ ಅಂತ.”

ನಿಂಬೆವ್ವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಯಮನೂರಪ್ಪ ಮೊದಲ ಸಲ ಬಾಯಿ ಬಿಟ್ಟ. “ನಾ ಹೇಳಿರಲಿಲ್ಲಬೇ?” ಅಂದ ತಾಯಿಗೆ.

ಶಿವಗಂಗವ್ವ ಕಲ್ಲನ್ನು ಸುತ್ತು ಹಾಕಿ ನೋಡಿದಳು. ಬಾಯಲ್ಲಿದ್ದ ಎಲೆಯನ್ನು ಹೊರಗೆ ಹೋಗಿ ಉಗಿದು ಬಂದಳು. “ಬಾಯಾರ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನೀವು ಮುಂಜಾನೆ ಊರಕಲ್ಲು ಅಂದ್ರಿ, ಈಗ ಕರಿಹಳ್ಳ ಅಂತೀರಿ, ಸಂಜಿಗೆ ಏನಂತೀರೋ. ತೂಕ ಕಣ್ಣಿಗೆ ಕಾಣಂಗಿಲ್ಲ. ಓಣ್ಯಾಗ ಹೋಗಿ ನಾ ಏನು ತೋರಿಸ್ಲಿ, ನಿಮ್ಮ ತೂಕದ ಕಾಗದ ತೋರಿಸ್ಲಾ? ಕಾಗದಕ್ಕ ಕಾಲಿಲ್ಲ. ಕಲ್ಲು ನಡದು ತೋರಿಸ್ಬೇಕು.”

“ಅದು ನಡಿಯಂಗಿಲ್ಲ ಅಂತ ಈಗ ಹೇಳಿದೆನಲ್ಲ!”

“ಒಡದ್ರ ನಡಿತೈತೋ ಇಲ್ಲೋ?”

ನಡೆಯುತ್ತದೆ. ಕರಿಯದು ಬಿಳಿಯದು ಬೇರೆ ಮಾಡಿದರೆ ಹಗ್ಗ ಬಿಚ್ಚಿದ ದನದ ಹಾಗೆ ಹೊರಡುತ್ತವೆ. ಹೊಸದಾಗಿ ಒಡೆದ ಕಲ್ಲಿನಷ್ಟು ಬೇಗ ಯಾವುದೂ ಹೋಗುವುದಿಲ್ಲ. ಅದನ್ನು ಶಿವಗಂಗವ್ವ ಬಲ್ಲಳು, ಊರಿನ ಮಕ್ಕಳೂ ಬಲ್ಲರು.

“ಬ್ಯಾಡಬೇ,” ಅಂದ ಯಮನೂರಪ್ಪ. “ನಾ ನಂಬೀನಿ. ಒಡಿಯೂದು ಬ್ಯಾಡ. ಅದು ಅವರವ್ವಂದು.”

“ನೀ ಉತ್ತರಕ್ಕ ನೂಕಿದಾಂವ. ನಿನ್ನ ನಂಬಿಕಿ ಯಾರಿಗೆ ಬೇಕಾಗೈತಿ?” ಅಂದಳು ಶಿವಗಂಗವ್ವ. “ನಂದು ಏನು ಕಲ್ಲಿನ ಎದಿ ಅಂತ ತಿಳದೀಯೇನೋ? ಓಣಿ ಮಂದಿ ನಾಳೆ ಗ್ವಾಡಿ ಬಿದ್ರೂ ಈಕಿ ಮ್ಯಾಲ ಹಾಕತಾರ, ಎಮ್ಮಿ ಸತ್ರೂ ಈಕಿ ಮ್ಯಾಲ ಹಾಕತಾರ. ನಾ ಇರೂತನಕ ತಡೀತೀನಿ. ಆಮ್ಯಾಲ ಯಾರು ತಡೀತಾರ?”

ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ತಿಳಿಯದ ಸಿಟ್ಟು. ಆ ಹೆಂಗಸು ಹೇಳಿದ್ದರಲ್ಲಿ ಸುಳ್ಳೇನಿತ್ತು? ನಮ್ಮ ಓಣಿಗಳು ನನಗೆ ಗೊತ್ತಿಲ್ಲವೇ? ಆದರೂ ‘ನನ್ನ ಕೋಣೆಯಲ್ಲಿ ಒಡೆಯಲು ಬಿಡುವುದಿಲ್ಲ, ತೂಕ ತೂಕವೇ, ನಂಬುವವರು ನಂಬಿ, ಬಿಡುವವರು ಬಿಡಿ’ ಅಂತ ಕೂಗಾಡಿದೆ. ಕೂಗಿ ಕೂಗಿ ಕೆಮ್ಮು ಬಂತು. ನಿಂಬೆವ್ವ ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ನನಗೆ ಕುಡಿಸಿದಳು.

“ಬಾಯಾರ,” ಅಂದಳು, “ಒಡದ ಮ್ಯಾಲ ಇದರಾಗ ಕುಟ್ಟಾಕ ಬರ್ತೈತೇನ್ರಿ?”

“ಇಲ್ಲ ತಂಗಿ.”

“ಕೂಡಿಸಾಕ?”

“ಬರಂಗಿಲ್ಲ.”

“ಮತ್ತ ಕರೀದು ನಮ್ಮೂರಿಗೇ ಹೋಗ್ತೈತಿ? ನೀರಿದ್ರೂ?”

“ಕಲ್ಲಿಗೆ ನೀರೇನು ನೆಲ ಏನು. ಹೋಗ್ತೈತಿ.”

ಅವಳು ಆ ಕಲ್ಲಿನ ಬಾಯಿಯ ಮೇಲೆ ಕೈಯಾಡಿಸಿದಳು. ತಾಯಿ ಸತ್ತ ಮೇಲೆ ಇವಳು ಹೋದಲ್ಲೆಲ್ಲ ಇದನ್ನು ಹೊತ್ತು ತಿರುಗಿದ್ದಳು. ಕೂಲಿಯವರ ಗಾಡಿಯಲ್ಲಿ ಜಾಗ ಕೊಡದಿದ್ದಾಗ ಇದನ್ನು ಬಿಟ್ಟು ಹತ್ತದೆ ನಡೆದೇ ಹೋದದ್ದಿತ್ತಂತೆ. ಅದನ್ನೆಲ್ಲ ನನಗೆ ಹೇಳಿದವನು ಯಮನೂರಪ್ಪ, ಮುಂದೆ ಎಷ್ಟೋ ದಿನದ ಮೇಲೆ. ಆಗ ಅವಳು ನನ್ನ ಕಡೆ ಕೈ ಚಾಚಿದಳು. “ಉಳಿ ಕೊಡ್ರಿ,” ಅಂದಳು. “ಯಾರೂ ಮುಟ್ಟಬ್ಯಾಡ್ರಿ. ನಾ ಒಡೀತೀನಿ.”

ಯಮನೂರಪ್ಪ ಕಲ್ಲನ್ನು ಅಂಗಳಕ್ಕೆ ತಂದಿಟ್ಟ. ನಿಂಬೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತಳು. ಕಪ್ಪೂ ಬಿಳಿಯೂ ಕೂಡುವ ಗೆರೆಗೆ ಉಳಿ ಇಟ್ಟು ಸುತ್ತಿಗೆ ಎತ್ತಿದಳು. ಮೊದಲ ಪೆಟ್ಟು ಜಾರಿ ಬೆರಳಿಗೆ ಬಿತ್ತು. ‘ಯವ್ವಾ’ ಅಂದಳು. ನೋವಿಗೆ ಎಲ್ಲರೂ ಅನ್ನುವ ಮಾತೇ. ಆದರೆ ಅದನ್ನು ಕೇಳಿ ಶಿವಗಂಗವ್ವ ಮುಖ ತಿರುಗಿಸಿಕೊಂಡಳು. ಆಮೇಲಿನ ಪೆಟ್ಟುಗಳೆಲ್ಲ ಸರಿಯಾಗಿ ಬಿದ್ದವು. ಕಲ್ಲು ದೊಡ್ಡ ಸದ್ದೇನೂ ಮಾಡದೆ ಬಾಯಿಂದ ಬುಡದ ತನಕ ಬಿಟ್ಟುಕೊಂಡಿತು. ಕರಿಯ ಭಾಗ ಒಂದು ಕಡೆ, ಬಿಳಿಯ ಪಟ್ಟಿಯನ್ನು ಕಚ್ಚಿಕೊಂಡಿದ್ದ ತೆಳ್ಳನೆಯ ಭಾಗ ಇನ್ನೊಂದು ಕಡೆ. ಕುಟ್ಟುವ ಗುಣಿಯೂ ಎರಡಾಯಿತು. ಕರಿಯದರ ಪಾಲಿಗೆ ದೊಡ್ಡ ಬಟ್ಟಲಿನಷ್ಟು, ಬಿಳಿಯದರ ಪಾಲಿಗೆ ಅಂಗೈಯಷ್ಟು. ನನಗೆ ಅಳು ಬಂತು. ಬರಲಿ ಅಂತ ಬಿಟ್ಟೆ.

ನಾವೆಲ್ಲ ಕಟ್ಟೆಯ ಮೇಲೆ ಕೂತೆವು. ಹೆಚ್ಚು ಕಾಯಬೇಕಾಗಲಿಲ್ಲ. ಕರಿಯದು ಒಮ್ಮೆ ಮಗ್ಗುಲು ಬದಲಿಸಿದ ಹಾಗೆ ಕದಲಿ ಮೂಡಣ ಮುಖ ಮಾಡಿತು. ಬಿಳಿಯದು ಪಡುವಣಕ್ಕೆ. ಅಂಗಳದ ಧೂಳಿನಲ್ಲಿ ಎರಡು ಗೆರೆ ಎದುರುಬದುರಾಗಿ ಬೆಳೆಯುತ್ತಾ ಹೋದವು. ಶಿವಗಂಗವ್ವ ಬಗ್ಗಿ ನೋಡಿದಳು, ಎದ್ದು ಕರಿಯ ಕಲ್ಲಿನ ಪಕ್ಕದಲ್ಲಿ ಕೆಲವು ಹೆಜ್ಜೆ ನಡೆದಳು, ಮೋಸವೇನಾದರೂ ಇದೆಯೋ ಅಂತ ಅದರ ಮುಂದೆ ಕಾಲಿಟ್ಟಳು. ಕಲ್ಲು ಅವಳ ಹೆಬ್ಬೆರಳಿಗೆ ಒತ್ತಿಕೊಂಡು ನಿಂತಿತು. ಕಾಲು ತೆಗೆದ ಮೇಲೆ ಮತ್ತೆ ಹೊರಟಿತು.

“ಶಿವನ ಶಿವನ,” ಅಂದಳು. ಬಂದು ಸೊಸೆಯ ಗದ್ದ ಹಿಡಿದು ಎತ್ತಿದಳು. “ತಪ್ಪಾತು ನಮ್ಮವ್ವ. ಬಾಯಿ ಬಿಟ್ಟು ಹೇಳ್ತೀನಿ, ತಪ್ಪಾತು. ನಡಿ ಮನಿಗೆ. ಮುಂದಿನ ಸಂತ್ಯಾಗ ಚಲೋ ಒಂದು ಹಳೇ ಊರಕಲ್ಲಿನ ಒಳಕಲ್ಲು ತರೂಣು. ಅದಕ್ಕ ಕಾಲಿರಂಗಿಲ್ಲ, ಕಾಟ ಇರಂಗಿಲ್ಲ.”

“ಬ್ಯಾಡ್ರಿ ಅತ್ತಿ,” ಅಂದಳು ನಿಂಬೆವ್ವ. “ಕಲ್ಲು ನಿಂತಿದ್ದಕ್ಕ ನೀವು ನನ್ನ ಹೊರಗ ಹಾಕಾಕ ಬಂದಿದ್ರಿ. ನಿಂತ ಕಲ್ಲು ಮತ್ತ ನಮ್ಮ ಮನ್ಯಾಗ ಬ್ಯಾಡ.”

‘ನಮ್ಮ ಮನ್ಯಾಗ’ ಅಂದದ್ದನ್ನು ಯಮನೂರಪ್ಪ ಕೇಳಿಸಿಕೊಂಡ. ಅವನ ಕಣ್ಣು ತುಂಬಿದವು. ಶಿವಗಂಗವ್ವ ಹೊರಡಲು ಅಂತ ಸೀರೆ ಸರಿಮಾಡಿಕೊಳ್ಳುವಾಗ ಅವಳ ಟೊಂಕದಲ್ಲಿ ಸಿಕ್ಕಿಸಿದ್ದ ಬಟ್ಟೆಯ ಗಂಟೊಂದು ಜಾರಿ ನೆಲಕ್ಕೆ ಬಿತ್ತು. ಬಿದ್ದ ಪೆಟ್ಟಿಗೆ ಬಾಯಿ ಬಿಚ್ಚಿಕೊಂಡಿತು. ಒಳಗೆ ಅಕ್ಕಿ, ಒಣಕೊಬ್ಬರಿಯ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು, ಮಡಿಚಿಟ್ಟ ಒಂದು ಕುಪ್ಪಸದ ಹಸಿರು ಖಣ. ಉಡಿ ತುಂಬುವ ಸಾಮಾನು. ಮನೆಯಿಂದ ಹೊರಡುವಾಗಲೇ ಕಟ್ಟಿಕೊಂಡು ಬಂದಿದ್ದಳು, ಇಲ್ಲಿಂದಲೇ ಕಳಿಸಿಬಿಡುವುದು ಅಂತ, ಹೆಣ್ಣುಮಗಳನ್ನು ಬರಿಯುಡಿಯಲ್ಲಿ ಕಳಿಸಿದ ಪಾಪ ತನಗೆ ಬೇಡ ಅಂತ.

ನಾವು ನಾಲ್ವರೂ ಅದನ್ನು ನೋಡಿದೆವು. ಶಿವಗಂಗವ್ವ ತಟ್ಟನೆ ಬಗ್ಗಿ ಮುಚ್ಚಲು ಹೋದಳು, ಅವಸರಕ್ಕೆ ಅಕ್ಕಿ ಇನ್ನಷ್ಟು ಚೆಲ್ಲಿತು.

“ಕೊಡ್ರಿ ಅತ್ತಿ,” ಅಂದಳು ನಿಂಬೆವ್ವ. “ನನಗಂತ ತಂದಿದ್ರಲ್ಲ.”

ಚೆಲ್ಲಿದ ಅಕ್ಕಿಯನ್ನು ಒಂದೂ ಬಿಡದೆ ಆರಿಸಿಕೊಂಡಳು. ಅಷ್ಟರಲ್ಲಿ ಕರಿಯ ಕಲ್ಲು ಅಂಗಳದ ಬಾಗಿಲ ತನಕ ಹೋಗಿತ್ತು. ಅವಳು ಅದರ ಮುಂದೆ ಮಂಡಿಯೂರಿ ಕೂತು, ತಡೆದು, ಅರ್ಧವಾಗಿ ಉಳಿದಿದ್ದ ಅದರ ಗುಣಿಗೆ ಅಕ್ಕಿ ಹಾಕಿದಳು, ಅರಿಸಿನದ ಕೊಂಬು ಇಟ್ಟಳು, ಕೊಬ್ಬರಿಯ ಬಟ್ಟಲು ಇಟ್ಟು ಮೇಲೆ ಖಣ ಹೊದಿಸಿ ಅಂಚನ್ನು ಸುತ್ತಲೂ ಒತ್ತಿದಳು. ಒಂದು ಹಿಡಿ ಅಕ್ಕಿಯನ್ನೂ ಉತ್ತತ್ತಿಯನ್ನೂ ಉಳಿಸಿಕೊಂಡು ಹಿಂದಿನ ಗೋಡೆಗೆ ಒತ್ತಿ ನಿಂತಿದ್ದ ಬಿಳಿಯದರ ಹತ್ತಿರ ಹೋಗಿ ಅದರ ಗುಣಿಗೆ ಹಾಕಿದಳು. “ಇದು ಯಾವ ಊರಿಗೆ ಹೊಂಟೈತೋ ಗೊತ್ತಿಲ್ಲ,” ಅಂದಳು ನನಗೆ. “ಆದ್ರ ಇಷ್ಟು ದಿನ ನಮ್ಮ ಕೂಡ ಇತ್ತಲ್ರಿ.” ನಾನು ಹೋಗಿ ಹಿತ್ತಲ ಬಾಗಿಲು ತೆಗೆದೆ.

“ಅಲ್ಲವಾ,” ಅಂದಳು ಶಿವಗಂಗವ್ವ. “ಆ ನೀರಿನ ತಳದಾಗ ಯಾರಿದ್ದಾರಂತ ಉಡಿ ತುಂಬಿ ಕಳಸ್ತಿ?”

ನಿಂಬೆವ್ವ ಎದ್ದು, ಜಜ್ಜಿದ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಕರಿಯ ಕಲ್ಲು ಬಾಗಿಲು ದಾಟಿ, ಹಸಿರು ಖಣ ಹೊದ್ದುಕೊಂಡು ಮೂಡಣ ರಸ್ತೆಗೆ ಇಳಿಯುತ್ತಿತ್ತು.

“ಯಾರೂ ಇಲ್ರಿ,” ಅಂದಳು. “ಆದ್ರ ತವರಿಗೆ ಹೊಂಟದ್ದನ್ನ ಬರಿಗೈಲೆ ಕಳಿಸಿದ್ರ ನಮ್ಮವ್ವಗ ಯಾರು ಹೇಳ್ಬೇಕು, ನಿನ್ನ ಮಗಳು ಚಲೋ ಮನ್ಯಾಗ ಅದಾಳ ಅಂತ?”

ಅದನ್ನು ಕೇಳಿ ಶಿವಗಂಗವ್ವ ಅಲ್ಲೇ ಧೂಳಿನಲ್ಲಿ ಕುಸಿದು ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅಳತೊಡಗಿದಳು.